ಸದ್ದಡಗಿದ ಕಾರ್ಡಿಗೇ ವೇಗ

ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೊರಟವರಲ್ಲಿ ಎರಡು ಪಂಗಡ. ಒಂದಕ್ಕೆ ಸದ್ದು ಮಾಡದ ಕಾರ್ಡ್ ಬೇಕು. ರಾತ್ರಿ ಹನ್ನೊಂದರ ಮೇಲೆ ಆಡಲು ಕೂತರೆ ಪಕ್ಕದ ಕೋಣೆಯವರ ನಿದ್ದೆ ಕೆಡಬಾರದು. ಇನ್ನೊಂದಕ್ಕೆ ಓವರ್‌ಕ್ಲಾಕಿಂಗಿಗೆ ಒಗ್ಗುವ ಕಾರ್ಡ್ ಬೇಕು. ಕಂಪನಿ ಇಷ್ಟೇ ಎಂದು ಕೊಟ್ಟ ವೇಗವನ್ನು ಇನ್ನಷ್ಟು ಎಳೆದು ನೋಡದಿದ್ದರೆ ಇವರಿಗೆ ಸಮಾಧಾನವಿಲ್ಲ. ತಮ್ಮ ದಾರಿಗಳು ಬೇರೆ ಬೇರೆ ಎಂದು ಇಬ್ಬರೂ ನಂಬಿದ್ದಾರೆ. ನಾನು ಮಾತ್ರ ಇಬ್ಬರ ಕೈಗೂ ಒಂದೇ ಕಾರ್ಡ್ ಕೊಡುತ್ತೇನೆ. ಸದ್ದು ಹುಟ್ಟುವುದೂ ಬಿಸಿಯಿಂದ, ವೇಗ ಕುಗ್ಗುವುದೂ ಬಿಸಿಯಿಂದ. ಬಿಸಿಯನ್ನು ಸಲೀಸಾಗಿ ಹೊರಹಾಕುವ ಕಾರ್ಡಿನಲ್ಲಿ ಎರಡೂ ಸಿಗುತ್ತವೆ.

ಇದಕ್ಕೆ ಇತಿಹಾಸವೇ ಸಾಕ್ಷಿ. 2003ರಲ್ಲಿ ಬಂದ ಎನ್ವಿಡಿಯಾದ ಜೀಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಕಾರ್ಡ್ ಚಿತ್ರಗಳಿಗಿಂತ ಹೆಚ್ಚಾಗಿ ಗದ್ದಲಕ್ಕೆ ಹೆಸರಾಯಿತು. ಜನ ಅದಕ್ಕೆ ಧೂಳು ಹೀರುವ ಕೈಯಂತ್ರದ ಹೆಸರಾದ ‘ಡಸ್ಟ್‌ಬಸ್ಟರ್’ ಎಂದು ಅಡ್ಡಹೆಸರಿಟ್ಟರು. ಕೊನೆಗೆ ಕಂಪನಿಯವರೇ ತಮ್ಮನ್ನು ಗೇಲಿ ಮಾಡಿಕೊಂಡು, ಅದೇ ಫ್ಯಾನಿನಿಂದ ತರಗೆಲೆ ಊದುವ, ಕೂದಲು ಒಣಗಿಸುವ ವಿಡಿಯೊ ತೆಗೆದರು. ಹತ್ತು ವರ್ಷ ಕಳೆದು 2013ರಲ್ಲಿ ಎಎಂಡಿಯ ಆರ್9 290ಎಕ್ಸ್ ಬಂತು. ಚಿಪ್ ಸೊಗಸಾಗಿತ್ತು, ಅದರ ಮೇಲೆ ಕೂರಿಸಿದ ಬ್ಲೋಯರ್ ಕೂಲರ್ ಚಿಪ್ಪಿಗೆ ತಕ್ಕುದಾಗಿರಲಿಲ್ಲ. 95 ಡಿಗ್ರಿ ಮುಟ್ಟಿದರೂ ತೊಂದರೆಯಿಲ್ಲ ಎಂದು ಕಂಪನಿ ಹೇಳಬೇಕಾಯಿತು. ಆ ತಾಪಕ್ಕೆ ಏರಿದ ಕಾರ್ಡ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿತ್ತು. ಆಮೇಲೆ ಸಫೈರ್ ಕಂಪನಿ ಅದೇ ಚಿಪ್ಪಿಗೆ ದಪ್ಪ ಹೀಟ್‌ಸಿಂಕ್ ಕೂರಿಸಿ ಮೂರು ಫ್ಯಾನ್ ಕಟ್ಟಿ ‘ಟ್ರೈ-ಎಕ್ಸ್’ ಮಾದರಿ ತಂದಿತು. ಸದ್ದು ಇಳಿಯಿತು, ತಾಪ ಇಳಿಯಿತು, ವೇಗ ಕುಗ್ಗದೆ ನಿಂತಿತು. ಚಿಪ್ ಬದಲಾಗಿರಲಿಲ್ಲ, ಅದರ ಮೇಲಿನ ಲೋಹ ಬದಲಾಗಿತ್ತು.

ಓವರ್‌ಕ್ಲಾಕಿಂಗ್ ಕೂಡ ಈಗ ಹಳೆಯ ಕಾಲದ ಆಟವಾಗಿ ಉಳಿದಿಲ್ಲ. 2012ರಲ್ಲಿ ಎನ್ವಿಡಿಯಾದ ಜಿಟಿಎಕ್ಸ್ 680 ಜತೆಗೆ ‘ಜಿಪಿಯು ಬೂಸ್ಟ್’ ಬಂದಮೇಲೆ ಕಾರ್ಡ್ ತನ್ನ ವೇಗವನ್ನು ತಾನೇ ಏರಿಸಿಕೊಳ್ಳುತ್ತದೆ. ತಾಪಕ್ಕೂ ವಿದ್ಯುತ್ತಿಗೂ ಮಿತಿಯೊಳಗೆ ಜಾಗವಿರುವಷ್ಟು ಹೊತ್ತು ಮೇಲೇರುತ್ತದೆ. ಬಿಸಿ ಹೆಚ್ಚಿದಂತೆ ಹದಿನೈದು ಮೆಗಾಹರ್ಟ್ಸ್‌ನ ಆಸುಪಾಸಿನ ಪುಟ್ಟ ಮೆಟ್ಟಿಲುಗಳಲ್ಲಿ ಕೆಳಗಿಳಿಯುತ್ತದೆ. ಹಾಗಾಗಿ 80 ಡಿಗ್ರಿಯಲ್ಲಿ ಬೇಯುತ್ತಿರುವ ಚಿಪ್ಪಿಗಿಂತ 60ರಲ್ಲಿರುವ ಅದೇ ಚಿಪ್ಪು, ನೀವು ಕೈಹಾಕುವ ಮುಂಚೆಯೇ ಒಂದು ಹೆಜ್ಜೆ ಮುಂದಿರುತ್ತದೆ. ಡಬ್ಬಿಯ ಮೇಲೆ ‘ಓಸಿ’ ಎಂದು ಮುದ್ರಿಸಿ ಸಾವಿರಾರು ರೂಪಾಯಿ ಹೆಚ್ಚಿಗೆ ಕೇಳುವ ಮಾದರಿಗಳಲ್ಲಿ ಕಾರ್ಖಾನೆಯವರು ಏರಿಸಿರುವ ವೇಗ ಬಹುತೇಕ ಕೆಲವೇ ಶೇಕಡಾ. ಅಷ್ಟನ್ನು ಮನೆಯಲ್ಲಿ ಐದೇ ನಿಮಿಷದಲ್ಲಿ ನೀವೇ ಏರಿಸಬಹುದು.

ಇನ್ನು ಕಿವಿಯ ಲೆಕ್ಕ. ಡೆಸಿಬೆಲ್ ಎಂಬುದು ಕೂಡಿ ಕಳೆಯುವ ಸರಳ ಗಣಿತಕ್ಕೆ ಬಗ್ಗುವುದಿಲ್ಲ. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಸುಮಾರು ಇಮ್ಮಡಿಯಾಗಿ ಕೇಳುತ್ತದೆ. ಅತ್ತ ಫ್ಯಾನಿನ ವೇಗವನ್ನು ನಿಮಿಷಕ್ಕೆ 2000 ಸುತ್ತಿನಿಂದ 1000ಕ್ಕೆ ಇಳಿಸಿದರೆ ಸದ್ದು ಹೆಚ್ಚುಕಡಿಮೆ ಹದಿನೈದು ಡೆಸಿಬೆಲ್ ಕುಸಿಯುತ್ತದೆ, ಗಾಳಿ ಅರ್ಧದಷ್ಟು ಮಾತ್ರ ಕಡಿಮೆಯಾಗುತ್ತದೆ. ಆ ಅರ್ಧ ಗಾಳಿಯ ಕೊರತೆಯನ್ನು ಹೀಟ್‌ಸಿಂಕಿನ ವಿಸ್ತಾರ ತುಂಬಿಕೊಟ್ಟರೆ ಆಯಿತು, ಗೆದ್ದಂತೆ. ಸದ್ದಿಲ್ಲದ ಕಾರ್ಡಿನ ಗುಟ್ಟು ಇಷ್ಟೇ.

ಆದ್ದರಿಂದ ನನ್ನ ಸೂತ್ರ: ಹೆಚ್ಚು ವ್ಯಾಟ್‌ಗೆಂದು ಮಾಡಿದ ಕೂಲರ್ ಕಡಿಮೆ ವ್ಯಾಟ್‌ನ ಚಿಪ್ಪಿನ ಮೇಲೆ ಕೂತಿರುವ ಕಾರ್ಡನ್ನು ಹುಡುಕಿ. ಇದಕ್ಕೆ ಒಳ್ಳೆಯ ಉದಾಹರಣೆ 2025ರ ಫೆಬ್ರವರಿಯಲ್ಲಿ ಬಂದ ಎನ್ವಿಡಿಯಾದ ಆರ್‌ಟಿಎಕ್ಸ್ 5070 ಟಿಐ. ಅದರಲ್ಲಿರುವುದು ಅದರಣ್ಣ 5080ರಲ್ಲಿರುವ ಜಿಬಿ203 ಚಿಪ್ಪೇ. ಒಂದಿಷ್ಟು ಭಾಗ ಮುಚ್ಚಿರುತ್ತಾರೆ, ಅಷ್ಟೇ. ದೊಡ್ಡದಕ್ಕೆ 360 ವ್ಯಾಟ್, ಚಿಕ್ಕದಕ್ಕೆ 300. ಹಲವು ಕಂಪನಿಗಳು ಎರಡಕ್ಕೂ ಒಂದೇ ಕೂಲರ್ ಬಳಸುತ್ತವೆ. ಅರವತ್ತು ವ್ಯಾಟ್‌ನ ಆ ಅಂತರವನ್ನು ಮೌನಕ್ಕೆ ಬಳಸುವುದೋ ವೇಗಕ್ಕೆ ಬಳಸುವುದೋ ನಿಮ್ಮಿಷ್ಟ. ಎಎಂಡಿ ಬಳಗದಲ್ಲೂ ಇದೇ ಕಥೆ. ಆರ್‌ಎಕ್ಸ್ 9070 ಎಕ್ಸ್‌ಟಿ 304 ವ್ಯಾಟ್ ಎಳೆದರೆ ಬರೀ 9070ಕ್ಕೆ 220 ಸಾಕು. ಎಕ್ಸ್‌ಟಿಯ ಕೂಲರನ್ನೇ ಹೊತ್ತ 9070 ಸಿಕ್ಕರೆ, ಅದರ ಫ್ಯಾನ್ ತಿರುಗುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಗುತ್ತದೆ.

ಕಾರ್ಡನ್ನು ಮುಂದಿನಿಂದ ನೋಡಬೇಡಿ, ಪಕ್ಕದಿಂದ ನೋಡಿ. ಮುಂದೆ ಕಾಣುವುದು ಪ್ಲಾಸ್ಟಿಕ್ಕಿನ ಮುಖವಾಡ. ಪಕ್ಕದಲ್ಲಿ ತೆಳು ಅಲ್ಯೂಮಿನಿಯಂ ಹಾಳೆಗಳ ಸಾಲು ಕಾಣುತ್ತದೆ. ಆ ಸಾಲು ಕಾರ್ಡಿನ ಉದ್ದಕ್ಕೂ ಇದೆಯೇ, ಇಲ್ಲಾ ಮೂರನೆಯ ಫ್ಯಾನಿನ ಹಿಂದೆ ಬರೀ ಖಾಲಿ ಜಾಗವೇ? ತಾಮ್ರದ ಹೀಟ್‌ಪೈಪುಗಳು ಎಷ್ಟಿವೆ? ದಪ್ಪ ಎರಡು ಸ್ಲಾಟೋ ಮೂರೋ? ಹಿಂಬದಿಯ ತಗಡಿನ ತುದಿಯಲ್ಲಿ ಗಾಳಿ ಆಚೆ ತೂರಿಹೋಗಲು ಕಿಂಡಿ ಬಿಟ್ಟಿದ್ದಾರೆಯೇ? ಕಾರ್ಡಿನ ಮೇಲಂಚಿನಲ್ಲಿ ಉಗುರಿನಿಂದ ಸರಿಸುವಂಥ ಪುಟ್ಟ ಸ್ವಿಚ್ ಇದೆಯೇ? ಅದು ಎರಡು ಬಯೋಸ್‌ಗಳ ನಡುವಿನ ಸ್ವಿಚ್: ಒಂದು ವೇಗಕ್ಕೆ, ಇನ್ನೊಂದು ಮೌನಕ್ಕೆ. ಇವು ಯಾವುದೂ ಇಲ್ಲದೆ ಬಣ್ಣಬಣ್ಣದ ದೀಪ ಮಾತ್ರ ಮಿನುಗುತ್ತಿದ್ದರೆ ಅದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದ ಕಾರ್ಡ್.

ಕಣ್ಣಿಗೆ ಕಾಣದ ಸಂಗತಿಗಳೂ ಇವೆ. ಮೊದಲನೆಯದು ಪವರ್ ಲಿಮಿಟ್, ಅಂದರೆ ಕಾರ್ಡ್ ಎಳೆಯಬಹುದಾದ ವಿದ್ಯುತ್ತಿನ ಮಿತಿ. ಕೆಲವು ಮಾದರಿಗಳಲ್ಲಿ ಅದನ್ನು ನೂರು ಶೇಕಡಾದಿಂದ ಒಂದು ವ್ಯಾಟ್ ಕೂಡ ಮೇಲೇರಿಸಲು ಬಯೋಸ್ ಬಿಡುವುದಿಲ್ಲ. ಓವರ್‌ಕ್ಲಾಕ್ ಮಾಡುವ ಆಸೆಯಿದ್ದರೆ ಕೊಳ್ಳುವ ಮೊದಲೇ ಇದನ್ನು ವಿಚಾರಿಸಿ. ಎರಡನೆಯದು ಫ್ಯಾನ್ ನಿಲ್ಲುವ ಬಗೆ. ತಾಪ ಕಡಿಮೆಯಿದ್ದಾಗ ಫ್ಯಾನ್ ಪೂರ್ತಿ ನಿಲ್ಲುವುದು ಈಗ ಸಾಮಾನ್ಯ. ಆದರೆ ಒಂದೇ ತಾಪದ ಆಚೀಚೆ ನಿಮಿಷಕ್ಕೊಮ್ಮೆ ನಿಂತು ಹೊರಡುವ ಫ್ಯಾನು, ಒಂದೇ ಸಮನೆ ಮೆಲ್ಲಗೆ ತಿರುಗುವ ಫ್ಯಾನಿಗಿಂತ ಹೆಚ್ಚು ಕಾಡುತ್ತದೆ. ಮೂರನೆಯದು ಕಾಯಿಲ್ ವೈನ್. ವಿದ್ಯುತ್ ಪೂರೈಸುವ ಸುರುಳಿಗಳು ಕಂಪಿಸಿ ಹೊರಡಿಸುವ ಕೀಚಲು ಸದ್ದು ಅದು. ಯಾವ ಡಬ್ಬಿಯ ಮೇಲೂ ಅದನ್ನು ಬರೆದಿರುವುದಿಲ್ಲ. ಒಂದೇ ಮಾದರಿಯ ಎರಡು ಕಾರ್ಡುಗಳಲ್ಲಿ ಒಂದು ಕಿರುಗುಟ್ಟಿ ಇನ್ನೊಂದು ಸುಮ್ಮನಿರಬಹುದು. ನಮ್ಮ ಮನೆಗಳಲ್ಲಿ ತಲೆಮೇಲೆ ತಿರುಗುವ ಸೀಲಿಂಗ್ ಫ್ಯಾನು ಕಾರ್ಡಿನ ಗಾಳಿಸದ್ದನ್ನು ಮುಚ್ಚಿಹಾಕುತ್ತದೆ, ಈ ಕೀಚಲನ್ನು ಮುಚ್ಚಲಾರದು. ಫ್ರೇಮ್ ದರವನ್ನು ಮಾನಿಟರಿನ ಮಿತಿಗೆ ಕಟ್ಟಿಹಾಕಿದರೆ ಕೀಚಲು ಬಹಳ ಮಟ್ಟಿಗೆ ತಗ್ಗುತ್ತದೆ.

ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯಲ್ಲಿ ನಿಂತು ಯಾವ ಕಾರ್ಡ್ ಮೆತ್ತಗೆ ಓಡುತ್ತದೆ ಎಂದು ಕಿವಿಗೊಟ್ಟು ಆರಿಸಲು ಸಾಧ್ಯವಿಲ್ಲ. ಆ ಗದ್ದಲದಲ್ಲಿ ಎಲ್ಲ ಕಾರ್ಡೂ ಮೂಕವೇ. ಟೆಕ್‌ಪವರ್‌ಅಪ್, ಗೇಮರ್ಸ್ ನೆಕ್ಸಸ್‌ನಂಥ ಪರೀಕ್ಷಕರನ್ನು ನಂಬಬಹುದು. ಬೇರೆ ಬೇರೆ ಕೂಲರುಗಳನ್ನು ಒಂದೇ ಮಟ್ಟದ ಸದ್ದಿಗೆ ಕಟ್ಟಿಹಾಕಿ ತಾಪ ಅಳೆಯುವ ಪರೀಕ್ಷೆಯೇ ನಿಜವಾದ ಪರೀಕ್ಷೆ. ಆದರೆ ಒಬ್ಬರ ಡೆಸಿಬೆಲ್ ಅಂಕಿಯನ್ನು ಇನ್ನೊಬ್ಬರದರ ಜತೆ ಹೋಲಿಸಬೇಡಿ. ಮೈಕ್ ಇಟ್ಟ ದೂರ ಬೇರೆಯಾದರೆ ಅಂಕಿಯೂ ಬೇರೆ.

ಮೌನದ ಕಡುಮೋಹಿಗಳಿಗೆಂದೇ ಆಸುಸ್ ಕಂಪನಿ ಆಸ್ಟ್ರಿಯಾದ ನಾಕ್ಟುವಾ ಜತೆ ಸೇರಿ 2021ರಿಂದ ಕಂದು ಫ್ಯಾನುಗಳ ಕಾರ್ಡುಗಳನ್ನು ತರುತ್ತಿದೆ. ಅದ್ಭುತವಾಗಿವೆ, ಆದರೆ ನಾಲ್ಕು ಸ್ಲಾಟ್‌ನ ಆಸುಪಾಸಿನ ಆ ದಪ್ಪಕ್ಕೂ ಆ ಬೆಲೆಗೂ ಎಲ್ಲರ ಮನೆಯಲ್ಲಿ ಜಾಗವಿರುವುದಿಲ್ಲ. ಇನ್ನೊಂದು ತುದಿಯಲ್ಲಿ ಪಾಲಿಟ್‌ನ ಕಾಮ್‌ಎಕ್ಸ್ ಕಾರ್ಡುಗಳಿವೆ. ಫ್ಯಾನೇ ಇಲ್ಲ, ಸದ್ದೂ ಇಲ್ಲ. 70 ವ್ಯಾಟ್‌ನ ಚಿಪ್ಪಿಗೆ ಅದು ಸರಿ, ಓವರ್‌ಕ್ಲಾಕಿಂಗ್ ಮಾತು ಅಲ್ಲಿ ಬೇಡ.

ಕಾರ್ಡ್ ಮನೆಗೆ ಬಂದಮೇಲೆ ಅಸಲಿ ರುಚಿ. ಎನ್ವಿಡಿಯಾ ಕಾರ್ಡಾದರೆ ಎಂಎಸ್‌ಐ ಆಫ್ಟರ್‌ಬರ್ನರ್ ತೆರೆದು ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿ. ಅಡ್ಡಕ್ಕೆ ವೋಲ್ಟೇಜ್, ಉದ್ದಕ್ಕೆ ವೇಗ ತೋರಿಸುವ ಗೆರೆಯೊಂದು ಮೂಡುತ್ತದೆ. ಉದಾಹರಣೆಗೆ, ಅದರಲ್ಲಿ 950 ಮಿಲಿವೋಲ್ಟಿನ ಚುಕ್ಕೆ ಹಿಡಿದು 2700 ಮೆಗಾಹರ್ಟ್ಸ್‌ಗೆ ಎತ್ತಿ. ಅದರ ಬಲಗಡೆಯ ಗೆರೆಯನ್ನೆಲ್ಲ ಅದೇ ಮಟ್ಟಕ್ಕೆ ಸಮ ಮಾಡಿ. ಚಿಪ್ ಕೆಲಸಕ್ಕೆಂದು ಉಣ್ಣುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 1.05 ವೋಲ್ಟಿನಿಂದ 0.95ಕ್ಕೆ ಇಳಿದರೆ, ವೇಗ ಅಷ್ಟೇ ಇದ್ದರೂ, ಸುಮಾರು 18 ಶೇಕಡಾ ಉಳಿತಾಯ. ಫ್ಯಾನು ಅಷ್ಟರಮಟ್ಟಿಗೆ ನಿರಾಳ. ಎಲ್ಲ ಚಿಪ್ಪಿನ ಹಣೆಬರಹ ಒಂದೇ ಅಲ್ಲ. ಆಟ ಮಧ್ಯದಲ್ಲಿ ಬಿದ್ದುಹೋದರೆ ಒಂದೆರಡು ಮೆಟ್ಟಿಲು ಇಳಿಯಿರಿ. ಮೆಮೊರಿ ವೇಗ ಏರಿಸುವಾಗ ಮಾತ್ರ ಜಾಣತನ ಬೇಕು. ಜಿಡಿಡಿಆರ್6ಎಕ್ಸ್‌ನಂಥ ಮೆಮೊರಿ ತಪ್ಪಾದ ಮಾಹಿತಿಯನ್ನು ಗುರುತಿಸಿ ಮತ್ತೆ ಕಳಿಸುತ್ತದೆ. ಹೀಗಾಗಿ ಅತಿಯಾದರೆ ಪರದೆ ಕೂಡಲೇ ಕೆಡುವುದಿಲ್ಲ, ಸದ್ದಿಲ್ಲದೆ ಫ್ರೇಮ್‌ಗಳು ಕಡಿಮೆಯಾಗುತ್ತವೆ. ಸ್ಲೈಡರ್ ನೋಡಿ ಹಿಗ್ಗಬೇಡಿ, ಫ್ರೇಮ್ ಎಣಿಸಿ.

ನಮ್ಮ ಹವೆಯ ಮಾತು ಬಿಡುವಂತಿಲ್ಲ. ವಿದೇಶಿ ಪರೀಕ್ಷೆಗಳು ಇಪ್ಪತ್ತು ಚಿಲ್ಲರೆ ಡಿಗ್ರಿಯ ತಂಪು ಕೋಣೆಯಲ್ಲಿ ನಡೆಯುತ್ತವೆ. ಫ್ಯಾನಿನ ವೇಗ ಬದಲಾಗದಿದ್ದರೆ ಕೋಣೆ ಏರಿದಷ್ಟೇ ಡಿಗ್ರಿ ಕಾರ್ಡೂ ಏರುತ್ತದೆ. ಏಪ್ರಿಲ್‌ನ ಬೆಂಗಳೂರಿಗೆ ಹತ್ತು ಡಿಗ್ರಿ, ಕಲಬುರಗಿ ರಾಯಚೂರುಗಳಿಗೆ ಹದಿನೈದಕ್ಕೂ ಹೆಚ್ಚು ಸೇರಿಸಿಕೊಂಡು ಓದಿ. ವಿದೇಶಿ ಪರೀಕ್ಷೆಯಲ್ಲಿ ‘ತಕ್ಕಮಟ್ಟಿಗೆ ಮೌನ’ ಎನಿಸಿಕೊಂಡ ಚಿಕ್ಕ ಕೂಲರ್ ಇಲ್ಲಿ ಬೊಬ್ಬೆ ಹೊಡೆಯುತ್ತದೆ. ಮುಂಭಾಗಕ್ಕೆ ಗಾಜು ಮುಚ್ಚಿದ ಕ್ಯಾಬಿನೆಟ್ಟಿನಲ್ಲಿ ಎಂಥ ಕಾರ್ಡೂ ಉಸಿರುಕಟ್ಟುತ್ತದೆ. ಜಾಲರಿಯ ಕ್ಯಾಬಿನೆಟ್ ಇರಲಿ. ಧೂಳು ಊದುವಾಗ ಫ್ಯಾನಿನ ಎಸಳನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬ್ಲೋಯರಿನ ರಭಸಕ್ಕೆ ಅದು ಅಂಕೆಮೀರಿ ತಿರುಗಿದರೆ ಬೇರಿಂಗ್ ಹಾಳು.

ತೀರ್ಪು ಇಷ್ಟು: ಚಿಪ್ಪಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಿರಿ, ಕೂಲರಿನಲ್ಲಿ ಒಂದು ಮೆಟ್ಟಿಲು ಮೇಲೇರಿ. ಹೆಚ್ಚಿನ ದುಡ್ಡನ್ನು ‘ಓಸಿ’ ಎಂಬ ಎರಡಕ್ಷರಕ್ಕೆ ಸುರಿಯದೆ ಹೀಟ್‌ಸಿಂಕಿಗೆ ಕೊಡಿ. ಕಾರ್ಡ್ ತಂದ ಮೊದಲ ರಾತ್ರಿಯೇ, ಹಿಂದಿರುಗಿಸುವ ಗಡುವು ಮುಗಿಯುವ ಮುನ್ನ, ಸೀಲಿಂಗ್ ಫ್ಯಾನ್ ಆರಿಸಿ ಭಾರಿ ಆಟವೊಂದನ್ನು ಓಡಿಸಿ ಕೇಳಿ. ಅಂದು ಕಿವಿಗೆ ಒಪ್ಪದ ಕಾರ್ಡ್ ಮುಂದೆ ಎಂದೂ ಒಪ್ಪುವುದಿಲ್ಲ. ಹಿಂಜರಿಯದೆ ಹಿಂತಿರುಗಿಸಿ.