ಕೋಣನಕುಂಟೆಯ ಓತ್ವ

2021ರ ಜನವರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಯಲಚೇನಹಳ್ಳಿ ದಾಟಿದಾಗ ಕನಕಪುರ ರಸ್ತೆಗೆ ಐದು ನಿಲ್ದಾಣ ಸಿಕ್ಕವು: ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ವಜ್ರಹಳ್ಳಿ, ತಲಘಟ್ಟಪುರ, ರೇಷ್ಮೆ ಸಂಸ್ಥೆ. ಇವುಗಳಲ್ಲಿ ಹ್ಯಾಶ್ (ದತ್ತಾಂಶದ ಬೆರಳಚ್ಚು) ಹಾಕುವವರಿಗೆ ನೆಮ್ಮದಿ ಕೊಡುವ ಹೆಸರು ಎರಡೇ, ವಜ್ರಹಳ್ಳಿ ಮತ್ತು ನಮ್ಮ ತಲಘಟ್ಟಪುರ.

ಪರೀಕ್ಷಿಸಲು ಈಮ್ಯಾಕ್ಸ್ ಎಡಿಟರ್ ಸಾಕು. ಅದರ ಸ್ಕ್ರ್ಯಾಚ್ ಬಫರಿನಲ್ಲಿ ಸೆಕ್ಯೂರ್-ಹ್ಯಾಶ್ ಎಂಬ ಲಿಸ್ಪ್ ಫಂಕ್ಷನ್‌ಗೆ ಶಾ256 ವಿಧಾನವೆಂದು ಹೇಳಿ, ತಲಘಟ್ಟಪುರ ಎಂದು ಕೊಟ್ಟು, ಆವರಣ ಮುಚ್ಚಿ ಕಂಟ್ರೋಲ್-ಜೆ ಒತ್ತಿ. 64 ಹೆಕ್ಸ್ ಅಂಕಿಗಳು ಕೆಳಗೆ ಬಂದು ಕೂರುತ್ತವೆ. ಕೊನೆಯ ರಕಾರ ಅಳಿಸಿ ಮತ್ತೆ ಒತ್ತಿದರೆ ಹಿಂದಿನದರ ಸುಳಿವೂ ಇರದು. ಖಾಲಿ ಸ್ಟ್ರಿಂಗ್ ಕೊಟ್ಟರೆ ಬರುವುದು ಇ3ಬಿ0ಸಿ442 ಎಂದು ಶುರುವಾಗುವ ಸಾಲು. ಪಳಗಿದವರು ಅದನ್ನು ಕಂಡೊಡನೆ ಫೈಲ್ ಖಾಲಿ ಎನ್ನುತ್ತಾರೆ.

ಹ್ಯಾಶ್‌ಗೆ ಕಾಣುವುದು ಅಕ್ಷರವಲ್ಲ, ಬೈಟು. ತಲಘಟ್ಟಪುರದಲ್ಲಿ ಯೂನಿಕೋಡ್ ಸಂಕೇತ ಒಂಬತ್ತು, ಯುಟಿಎಫ್-8ರಲ್ಲಿ 27 ಬೈಟು. ಕೋಣನಕುಂಟೆಗೂ ಅಷ್ಟೇ, ಓತ್ವ ಒಂದೇ ಸಂಕೇತವಾಗಿದ್ದರೆ. ಅದನ್ನೇ ಕಾಗುಣಿತ ಒಪ್ಪಿಸಿದ ಹಾಗೆ ಎತ್ವ, ಕೊಂಬಿನಿಳಿ, ದೀರ್ಘ ಎಂದು ಬಿಡಿಸಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನವೆಂದೇ ಒಪ್ಪುತ್ತದೆ. ಬಿಡಿಸಿದಾಗ ಸಂಕೇತ 11, ಬೈಟು 33. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವಿಲ್ಲ, ಹ್ಯಾಶ್ ಮಾತ್ರ ಪೂರ್ತಿ ಬೇರೆ. ಇದು ಬರೀ ತರ್ಕದ ಮಾತಲ್ಲ: ಮ್ಯಾಕ್‌ನ ಹಿಂದಿನ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಫೈಲ್ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ದೊಡ್ಡಕಲ್ಲಸಂದ್ರದ ಒತ್ವ, ರೇಷ್ಮೆಯ ಏತ್ವ, ಮೈಸೂರಿನ ಐತ್ವ ಎಲ್ಲಕ್ಕೂ ಇದೇ ಪಾಡು. ಕಣ್ಣಿಗೆ ಬೀಳದ ಜೋಡಕ ಸಂಕೇತಗಳು ನುಸುಳಿದರಂತೂ ವಜ್ರಹಳ್ಳಿಯನ್ನೂ ನಂಬುವಂತಿಲ್ಲ.

ಈಮ್ಯಾಕ್ಸ್‌ನ ಸಲುಗೆ ಇಲ್ಲಿ ಸ್ವಲ್ಪ ಅತಿಯಾಯಿತು. ಕನ್ನಡ ಸ್ಟ್ರಿಂಗ್ ಕೊಟ್ಟರೆ ಆ ಯಂತ್ರದಲ್ಲಿ ಯಾವ ಎನ್‌ಕೋಡಿಂಗ್‌ಗೆ ಆದ್ಯತೆಯಿದೆಯೋ ಅದರಲ್ಲಿ ತಾನೇ ಬೈಟಾಗಿಸಿಕೊಳ್ಳುತ್ತದೆ. ಕಾಮನ್ ಲಿಸ್ಪ್‌ನ ಐರನ್‌ಕ್ಲಾಡ್ ಲೈಬ್ರರಿ ಹಾಗಲ್ಲ, ಬೈಟು ಮಾಡಿಕೊಂಡೇ ಬಾ ಎನ್ನುತ್ತದೆ. ಆ ಗಡಸುತನವೇ ನನಗೆ ಮೆಚ್ಚುಗೆ.

ಹ್ಯಾಶ್ ಈಗ ಕೋರ್ಟಿಗೂ ಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಡಿಜಿಟಲ್ ಸಾಕ್ಷ್ಯಕ್ಕೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ನಮೂದಿಸಬೇಕು. ಶಾ256ರ ಜತೆ ಎಂಡಿ5, ಶಾ1 ಕೂಡ ಅಲ್ಲಿ ಆಯ್ಕೆಗಳು. ಎರಡು ಬೇರೆ ದತ್ತಾಂಶಕ್ಕೆ ಒಂದೇ ಎಂಡಿ5 ಬರಿಸಬಹುದೆಂದು 2004ರಲ್ಲೇ ಸಾಬೀತಾಗಿದೆ, ಶಾ1ರ ಮಾನ 2017ರಲ್ಲಿ ಹೋಯಿತು. ಶಾ256ಕ್ಕೇ ಗುರುತು ಹಾಕಿ. ಸಾಕ್ಷ್ಯದ ಫೈಲ್ ಆದರೆ ಒಂದು ಬೈಟನ್ನೂ ಮುಟ್ಟಬೇಡಿ. ಹೆಸರುಗಳನ್ನು ತಾಳೆ ನೋಡುವ ಕೆಲಸವಾದರೆ ಮೊದಲು, ಬಿಡಿಸಿದ ಸಂಕೇತಗಳನ್ನು ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದು, ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ಹ್ಯಾಶ್ ಹಾಕಿ.