ಒಂದು ಹನಿ ಅಯೋಡಿನ್

ಪ್ರವಾಸ ಮುಗಿಸಿ ಬಂದವರು ಪೆಟ್ಟಿಗೆ ಬಿಚ್ಚಿ ತೋರಿಸುವುದೇ ಬೇರೆ, ಗೊತ್ತಿಲ್ಲದೆ ಹೊಟ್ಟೆಯಲ್ಲಿ ಹೊತ್ತು ತಂದದ್ದೇ ಬೇರೆ. ಆ ಎರಡನೆಯ ಗಂಟನ್ನು ಬಿಚ್ಚಲು ಸೂಕ್ಷ್ಮದರ್ಶಕದ ಕೆಳಗೆ ಒಂದು ಗಾಜಿನ ಪಟ್ಟಿ, ಚೂರು ಮಲ, ಒಂದು ಹನಿ ಉಪ್ಪುನೀರು, ಪಕ್ಕದಲ್ಲೊಂದು ಹನಿ ಅಯೋಡಿನ್ ಸಾಕು.

ಉಪ್ಪುನೀರಿನಲ್ಲಿ ಜೀವಂತ ಜಿಯಾರ್ಡಿಯಾ ಎಂಬ ಏಕಕೋಶ ಪರಾವಲಂಬಿ ಉದುರುವ ಎಲೆಯಂತೆ ಹೊರಳುತ್ತದೆ. 1681ರಲ್ಲಿ, ಸೂಕ್ಷ್ಮದರ್ಶಕ ತಯಾರಿಸುತ್ತಿದ್ದ ಡೆಲ್ಫ್ಟ್‌ನ ಲೇವನ್‌ಹುಕ್ ತನ್ನದೇ ಭೇದಿಯಲ್ಲಿ ಕಂಡದ್ದೂ ಬಹುಶಃ ಇದನ್ನೇ. ಅಯೋಡಿನ್ ಚಲನೆ ನಿಲ್ಲಿಸಿ ಬಣ್ಣ ಕೊಡುತ್ತದೆ. ಗಟ್ಟಿ ಕವಚದ ಸುಪ್ತ ರೂಪಗಳಾದ ಸಿಸ್ಟ್‌ಗಳೊಳಗಿನ ನ್ಯೂಕ್ಲಿಯಸ್‌ಗಳನ್ನು ಆಗ ಎಣಿಸಬಹುದು. ಪರಾವಲಂಬಿಗಳು ದಿನವೂ ಹೊರಬೀಳುವುದಿಲ್ಲ. ಅದಕ್ಕೇ ಬೇರೆ ಬೇರೆ ದಿನಗಳ ಮೂರು ಮಾದರಿ ಕೇಳುತ್ತಾರೆ.

ನನಗೆ ಅತಿ ಇಷ್ಟವಾದದ್ದು ಸ್ಟ್ರಾಂಗೈಲಾಯ್ಡಿಸ್ ಎಂಬ ಕರುಳಿನ ಹುಳುವಿನ ಪರೀಕ್ಷೆ. ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಜೆಲ್ಲಿಯ ತಟ್ಟೆಯ ಮೇಲೆ ಮಲವಿಟ್ಟು ಕಾಯುತ್ತಾರೆ. ಮರಿಹುಳು ಹರಿದಾಡುತ್ತ ಬ್ಯಾಕ್ಟೀರಿಯಾ ಎಳೆದೊಯ್ಯುತ್ತದೆ. ಅವು ಬೆಳೆದು ಅದರ ಹೆಜ್ಜೆಯ ರಂಗೋಲಿ ಮೂಡುತ್ತದೆ. ಕಳ್ಳನೇ ತನ್ನ ನಕ್ಷೆ ಬರೆದುಕೊಟ್ಟಂತೆ!

ಕಣ್ಣಿಗೂ ಮಿತಿಯಿದೆ. ರೋಗ ತರುವ ಅಮೀಬಾ ಎಂಟಮೀಬಾ ಹಿಸ್ಟೊಲಿಟಿಕಾ ಮತ್ತು ಅದರ ನಿರುಪದ್ರವಿ ನೆಂಟ ಎಂಟಮೀಬಾ ಡಿಸ್ಪಾರ್‌ನ ಸಿಸ್ಟ್‌ಗಳು ಅವಳಿಗಳಂತೆ. ಅವನ್ನು ಬೇರ್ಪಡಿಸಲು ಡಿಎನ್ಎ ಹುಡುಕುವ ಪಿಸಿಆರ್ ಅಥವಾ ಆಂಟಿಜೆನ್ ಪರೀಕ್ಷೆ ಬೇಕು. ಆದರೆ ಪಿಸಿಆರ್ ತಾನು ಹುಡುಕಿದ್ದನ್ನಷ್ಟೇ ಹೇಳುತ್ತದೆ. ಪಳಗಿದ ಕಣ್ಣು, ಹುಡುಕದೇ ಇದ್ದದ್ದನ್ನೂ ಕಾಣುತ್ತದೆ.