ಕತ್ತೆ ಕತೆಯಾಗುವ ಹೊತ್ತು: ಒಬ್ಬ ವಿನ್ಯಾಸ ವಿದ್ಯಾರ್ಥಿನಿಯ ಕನ್ನಡ ಅಕ್ಷರಗಳು

ಪುಣೆಯ ಒಂದು ವಿನ್ಯಾಸ ಕಾಲೇಜಿನ ವರ್ಷಾಂತ್ಯದ ಪ್ರದರ್ಶನದಲ್ಲಿ ಈ ಸಲ ಕನ್ನಡ ಅಕ್ಷರಗಳಿಗೆ ಒಂದು ಇಡೀ ಗೋಡೆ ಸಿಕ್ಕಿತ್ತು. ಮಾಡಿದವಳು ಕೊನೆಯ ವರ್ಷದ ವಿದ್ಯಾರ್ಥಿನಿ. ಧಾರವಾಡದ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಪುಣೆ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ. ಮನೆಯಲ್ಲಿ ಕನ್ನಡ ಮಾತು. ಮಾತು ಇತ್ತು, ಓದು ಇರಲಿಲ್ಲ. ಕಾಲೇಜು ಸೇರಿದ ಮೇಲೆ ಅಜ್ಜಿಯ ಪಕ್ಕ ಕೂತು ಅಕ್ಷರ ತಿದ್ದಿದಳು. ನಮ್ಮಲ್ಲಿ ಹೆಚ್ಚಿನವರ ಮನೆಯ ಮಕ್ಕಳ ಕತೆಯೇ ಇದು. ಆ ಕೊನೆಯ ವಾಕ್ಯವೊಂದನ್ನು ಬಿಟ್ಟು.

ಗೋಡೆಯ ಮೇಲೆ ನಾಲ್ಕು ಬಗೆಯ ಕೆಲಸ ಇತ್ತು. ಸ್ಕ್ರೀನ್ ಪ್ರಿಂಟ್ ಪೋಸ್ಟರುಗಳು, ಕಸೂತಿ ಅಕ್ಷರಗಳು, ಪಟ್ಟಿ ಸರಿಸಿ ಓದುವ ಕಾರ್ಡುಗಳು ಮತ್ತು ಸಯನೋಟೈಪ್ ಎಂಬ ನೀಲಿ ಅಚ್ಚಿನಲ್ಲಿ ತೆಗೆದ ಹಳೆಯ ಪತ್ರಗಳು. ನಾನು ಎರಡು ಸಲ ಹೋಗಿ ನೋಡಿದೆ, ಅವಳ ಜೊತೆ ಮಾತಾಡಿದೆ. ವಿದ್ಯಾರ್ಥಿಯ ಕೆಲಸ ಇನ್ನೂ ದಾರಿಯಲ್ಲಿರುವ ಕೆಲಸವಾದ್ದರಿಂದ ಹೆಸರು ಹಾಕುತ್ತಿಲ್ಲ. ಆದರೆ ಕೆಲಸವನ್ನು ಗಂಭೀರವಾಗಿಯೇ ತೂಗಿ ನೋಡಬೇಕು. ನಾವು ವಲಸಿಗರು ಕನ್ನಡದೊಡನೆ ಯಾವ ಬಗೆಯ ನಂಟು ಇಟ್ಟುಕೊಂಡಿದ್ದೇವೆ ಎಂಬ ಪ್ರಶ್ನೆ ಆ ಗೋಡೆಯ ಮೇಲೆ ನಾಲ್ಕು ಉತ್ತರಗಳ ಸಮೇತ ತೂಗುಹಾಕಿತ್ತು.

ಮೊದಲು ಪೋಸ್ಟರುಗಳು. ತೀರ್ಪುಗಾರರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇವೇ. ನನಗೆ ಎಲ್ಲಕ್ಕಿಂತ ಕಡಿಮೆ ಹಿಡಿಸಿದ್ದೂ ಇವೇ. ಆಳೆತ್ತರದ ಹಾಳೆಗಳು, ಎರಡೇ ಶಾಯಿ. ಹಳದಿಯ ಮೇಲೆ ನೀಲಿ ಬಿದ್ದಲ್ಲಿ ತಾನಾಗಿ ಹಸಿರು ಹುಟ್ಟುತ್ತದೆ. ಅಕ್ಷರಗಳನ್ನು ಹಿಗ್ಗಿಸಿ, ಕತ್ತರಿಸಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಸಾಲುಸಾಲಾಗಿ ಜೋಡಿಸಿದ್ದಾಳೆ. ದೂರದಿಂದ ನೋಡಿದರೆ ಒಳ್ಳೆಯ ಸೀರೆಯ ಅಂಚು. ನಮ್ಮ ಅಕ್ಷರಗಳ ದುಂಡುತನ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ ಎಂಬುದೂ ನಿಜ. ಹತ್ತಿರ ಹೋದರೆ ಒಂದು ಹಾಳೆಯಲ್ಲಿ 'ಅಮ್ಮ' ಎಂದು ಇರಬೇಕಾದಲ್ಲಿ 'ಅಮ್‌ಮ' ಎಂದಿದೆ. ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವವರಿಗೆ ಈ ಪೀಡೆ ಗೊತ್ತು. ಭಾರತೀಯ ಲಿಪಿಗಳಿಗೆಂದು ಇರುವ ಸೆಟ್ಟಿಂಗ್ ಆನ್ ಮಾಡದಿದ್ದರೆ ಕೆಲವು ತಂತ್ರಾಂಶಗಳು ಒತ್ತಕ್ಷರವನ್ನು ಮುರಿದು ಪಕ್ಕಕ್ಕೆ ಇಡುತ್ತವೆ. ಕೇಳಿದಾಗ ಅವಳು ಮುಚ್ಚುಮರೆ ಇಲ್ಲದೆ ಹೇಳಿದಳು: "ಆಗ ನಂಗ ಗೊತ್ತಾಗ್ಲಿಲ್ರಿ ಕಾಕಾ. ಗೊತ್ತಾದ ಮ್ಯಾಲೆ ನೋಡಿದ್ರ ಅದs ಛಲೋ ಕಾಣಸ್ತಿತ್ತು, ಬಿಟ್ಟಬಿಟ್ಟೆ."

ತೀರ್ಪುಗಾರರು ಆ ಮುರಿದ ಒತ್ತಿನ ಲಯವನ್ನೇ ಹೊಗಳಿದರಂತೆ. ಅವರಲ್ಲಿ ಕನ್ನಡ ಓದಬಲ್ಲವರು ಒಬ್ಬರೂ ಇರಲಿಲ್ಲ.

ಇಲ್ಲಿ ಹುಡುಗಿಯನ್ನು ಬೈದು ಮುಗಿಸುವುದು ಸುಲಭ. ಆದರೆ ಅವಳು ತನಗೆ ಕಲಿಸಿದ್ದನ್ನೇ ಮಾಡಿದ್ದಾಳೆ. ಅವಳಿಗೆ ಕಲಿಸಿದ ಪಾಠ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನೋಡಬೇಕು.

1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಬೌಹೌಸ್ ಶಾಲೆ ಶುರುವಾದಾಗ ಯೋಹಾನೆಸ್ ಇಟೆನ್ ಹೊಸ ವಿದ್ಯಾರ್ಥಿಗಳಿಗಾಗಿ ಒಂದು ಆರಂಭದ ತರಗತಿಯನ್ನು ರೂಪಿಸಿದರು. ಮುಂದೆ ಅದನ್ನು ಮೊಹೊಲಿ-ನಾಜ್ ಮತ್ತು ಯೋಸೆಫ್ ಆಲ್ಬರ್ಸ್ ನಡೆಸಿದರು. ಆಲ್ಬರ್ಸ್ ವಿದ್ಯಾರ್ಥಿಗಳ ಕೈಗೆ ಹಳೆಯ ಸುದ್ದಿಪತ್ರಿಕೆಗಳನ್ನು ಕೊಟ್ಟು ಏನಾದರೂ ಮಾಡಿ ಎನ್ನುತ್ತಿದ್ದರಂತೆ. ಕೋಟೆ, ದೋಣಿ, ಮುಖವಾಡ ಮಾಡಿದವರನ್ನು ಪಕ್ಕಕ್ಕಿಟ್ಟು, ಹಾಳೆಯನ್ನು ಸುಮ್ಮನೆ ಮಡಚಿ ನಿಲ್ಲಿಸಿದವನನ್ನು ಮೆಚ್ಚಿದರು ಎಂಬ ಕತೆ ವಿನ್ಯಾಸ ಓದಿದವರಿಗೆಲ್ಲ ಗೊತ್ತು. ಬೀಳುವ ಕಾಗದ ಮಡಿಕೆಯಿಂದ ನಿಲ್ಲುತ್ತದೆ, ಕಾಗದದ ಗುಣ ಅದು, ಅದನ್ನು ಕಂಡುಕೊಂಡವನು ಕಲಿತ ಎಂದು ಅದರ ಅರ್ಥ. 1961ರಲ್ಲಿ ಅಹಮದಾಬಾದಿನಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್ ಆರಂಭವಾದಾಗ ಈ ಪಾಠಕ್ರಮದ ಬೀಜ ನಮ್ಮ ದೇಶಕ್ಕೂ ಬಂತು. ಇವತ್ತು ನಮ್ಮ ಮಕ್ಕಳು ಸೇರುವ ವಿನ್ಯಾಸ ಕಾಲೇಜುಗಳ ಮೊದಲ ವರ್ಷದಲ್ಲಿ ಅದರ ಒಂದಲ್ಲ ಒಂದು ರೂಪ ಇದ್ದೇ ಇರುತ್ತದೆ.

ಆ ಪಾಠದಲ್ಲಿ ಅಕ್ಷರದ ಬಗ್ಗೆ ಹೇಳುವುದು ಇಷ್ಟು: ಓದುವುದನ್ನು ಮರೆಯಿರಿ, ಆಕಾರ ನೋಡಿ. ತುಂಬ ಒಳ್ಳೆಯ ಪಾಠ. ಓದಿಗೆ ಒಗ್ಗಿಹೋದ ಕಣ್ಣು ಅಕ್ಷರದ ರೂಪವನ್ನು ಗಮನಿಸುವುದೇ ಇಲ್ಲ. ಆದರೆ ಬೌಹೌಸಿನ ಕೋಣೆಯಲ್ಲಿ ಕೂತಿದ್ದ ಎಲ್ಲರಿಗೂ ಆ ಸುದ್ದಿಪತ್ರಿಕೆಯನ್ನು ಓದಲು ಬರುತ್ತಿತ್ತು. ಗೊತ್ತಿದ್ದದ್ದನ್ನು ಅವರು ಒಂದು ಗಂಟೆಯ ಮಟ್ಟಿಗೆ ಪಕ್ಕಕ್ಕಿಟ್ಟರು. ಪುಣೆಯ ಕೋಣೆಯಲ್ಲಿ ಕನ್ನಡದ ಓದನ್ನು ಮರೆಯಬೇಕಾದವರು ಯಾರು? ಅಲ್ಲಿ ಅದು ಯಾರಿಗೂ ಗೊತ್ತೇ ಇರಲಿಲ್ಲ. ಒಂದೇ ಪಾಠ ಎರಡು ಕೋಣೆಗಳಲ್ಲಿ ಎರಡು ಬೇರೆ ಪಾಠವಾಗಿಬಿಡುತ್ತದೆ. ಅಲ್ಲಿ ಅದು ಕಣ್ಣನ್ನು ಚುರುಕುಗೊಳಿಸುತ್ತದೆ, ಇಲ್ಲಿ ಅಕ್ಷರವನ್ನು ಬಳ್ಳಿ-ಹೂವಿನ ಸಾಲಿಗೆ ಸೇರಿಸುತ್ತದೆ.

ಅಲಂಕಾರವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಬಳ್ಳಿ-ಹೂವು ತೆಗೆಯುವವರಿಗೆ ಅದರದೇ ಆದ ಲೆಕ್ಕ, ಶಿಸ್ತು ಇರುತ್ತದೆ. ಅದೇ ಗೋಡೆಯ ಮೇಲಿದ್ದ ಕಸೂತಿ ಅದನ್ನು ಚೆನ್ನಾಗಿ ತೋರಿಸುತ್ತಿತ್ತು.

ಕಸೂತಿಯಲ್ಲಿ ಗೀಟು ಹಾಕಿಕೊಂಡು ಹೊಲಿಯುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹೊಲಿಯುತ್ತಾರೆ. ಗವಂತಿ ಹೊಲಿಗೆಯಲ್ಲಿ ಸೂಜಿ ಒಮ್ಮೆ ಹೋಗಿ ಅದೇ ದಾರಿಯಲ್ಲಿ ತಿರುಗಿ ಬರುತ್ತದೆ, ಹಾಗಾಗಿ ಬಟ್ಟೆಯ ಎರಡೂ ಬದಿಗೆ ಗೆರೆ ಒಂದೇ ರೀತಿ ಕಾಣುತ್ತದೆ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಅಡ್ಡ, ಉದ್ದ, ಓರೆ ಬಿಟ್ಟರೆ ನಾಲ್ಕನೆಯ ದಾರಿ ಇಲ್ಲ. ಕನ್ನಡ ಅಕ್ಷರದಲ್ಲಿ ನೆಟ್ಟಗಿನ ಗೆರೆ ಹುಡುಕಿದರೂ ಸಿಗುವುದು ಕಡಿಮೆ. ಈ ಎರಡನ್ನೂ ಎದುರುಬದುರು ನಿಲ್ಲಿಸಿದ್ದು ಒಳ್ಳೆಯ ಯೋಚನೆ. ದುಂಡು ಅಕ್ಷರವನ್ನು ಚೌಕದ ಲೆಕ್ಕಕ್ಕೆ ತರುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬಹುದು ಎಂದು ಪ್ರತಿ ಅಕ್ಷರಕ್ಕೂ ಬೇರೆಯಾಗಿ ತೀರ್ಮಾನ ಮಾಡಬೇಕು. 'ರ' ಮತ್ತು 'ಠ' ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. 'ಪ' ಮತ್ತು 'ಷ' ನಡುವೆ ಒಂದು ಓರೆ ಗೀಟು. ಎಳೆ ಎಣಿಸುವಾಗ ಒಂದು ತಪ್ಪಿದರೂ ಅಕ್ಷರವೇ ಬೇರೆ.

ಈ ಬಟ್ಟೆಯ ಮೇಲಿನ 'ಳ' ಮೂರನೆಯ ಸಲ ಹೊಲಿದದ್ದು. ಮೊದಲ ಎರಡನ್ನು ಅಜ್ಜಿ ಕನ್ನಡಕ ಏರಿಸಿ ನೋಡಿ, ಇದು ಏನು ಅಂತ ತಿಳಿಯುವಲ್ಲದು ಎಂದು ಬಿಚ್ಚಿಸಿದರಂತೆ. ನನ್ನ ಮಟ್ಟಿಗೆ ಇಡೀ ಗೋಡೆಯ ಅತ್ಯಂತ ಕಟ್ಟುನಿಟ್ಟಾದ ವಿಮರ್ಶೆ ಅದು. ಮಾಡುವ ಹೊತ್ತಿಗೆ ಪಕ್ಕದಲ್ಲಿ ಓದುವವರು ಕೂತಿದ್ದ ಕೆಲಸ ಬೇರೆ, ಇಲ್ಲದ ಕೆಲಸ ಬೇರೆ ಎಂಬುದು ಪೋಸ್ಟರು ಮತ್ತು ಕಸೂತಿಯನ್ನು ಅಕ್ಕಪಕ್ಕ ನೋಡಿದವರಿಗೆ ತಾನಾಗಿ ತಿಳಿಯುತ್ತಿತ್ತು.

ಮೂರನೆಯದು ಪಟ್ಟಿ ಸರಿಸುವ ಕಾರ್ಡುಗಳು. ನೋಡಲು ಸಾದಾ, ಆದರೆ ಹೆಚ್ಚು ಹೊತ್ತು ನಿಲ್ಲಿಸಿದ್ದು ಇವೇ. ಇಂಗ್ಲಿಷ್ ಸಾಲಿನ ಕೆಳ ಅರ್ಧ ಮುಚ್ಚಿದರೂ ಬಹುಪಾಲು ಓದಬಹುದು, ಮೇಲಿನ ಅರ್ಧ ಮುಚ್ಚಿದರೆ ಕಷ್ಟ ಎಂಬುದು ಮುದ್ರಣಲೋಕದ ಹಳೆಯ ತಿಳಿವಳಿಕೆ. ಅದನ್ನೇ ಕನ್ನಡಕ್ಕೆ ಹಚ್ಚಿ ನೋಡಿದ್ದಾಳೆ. ಪ್ರತಿ ಕಾರ್ಡಿನಲ್ಲಿ ಒಂದೊಂದು ಪದ. ಮೇಲೆ ಕಪ್ಪು ಪಟ್ಟಿ. ಮೇಲಕ್ಕೂ ಕೆಳಕ್ಕೂ ಸರಿಸಬಹುದು.

ಪಟ್ಟಿಯನ್ನು ಮೇಲೆ ಇಟ್ಟರೆ ತಲೆಕಟ್ಟು ಹೋಗುತ್ತದೆ, ಜೊತೆಗೆ ಗುಡಿಸು, ಎತ್ವಗಳೂ ಹೋಗುತ್ತವೆ. 'ಕರೆ'ಯೋ 'ಕರ'ವೋ ತಿಳಿಯುವುದಿಲ್ಲ. ಕೆಳಗೆ ಇಟ್ಟರೆ ಇನ್ನೂ ತಮಾಷೆ. 'ಕತ್ತೆ'ಯ ಒತ್ತು ಮರೆಯಾಗಿ 'ಕತೆ' ಉಳಿಯುತ್ತದೆ. 'ಹಳ್ಳಿ' ಹೋಗಿ 'ಹಳಿ' ಬರುತ್ತದೆ. 'ಭಾರ'ದ ಬುಡದ ಗೀಟು ಮುಚ್ಚಿದರೆ 'ಬಾರ', 'ಧನ'ದ ಗೀಟು ಮುಚ್ಚಿದರೆ 'ದನ'. ನಮ್ಮ ಹಲವು ಮಹಾಪ್ರಾಣಗಳ ಗುರುತು ಅಕ್ಷರದ ಬುಡದಲ್ಲಿದೆ, ಕೆಳಗಿನ ಪಟ್ಟಿ ಅವನ್ನೆಲ್ಲ ಒಟ್ಟಿಗೆ ಅಲ್ಪಪ್ರಾಣ ಮಾಡಿಬಿಡುತ್ತದೆ. ಮಹಾಪ್ರಾಣಗಳನ್ನು ಕನ್ನಡದ ಬರಹದಿಂದ ಕೈಬಿಡಬೇಕು ಎಂದು ಡಿ. ಎನ್. ಶಂಕರ ಭಟ್ಟರು ವಾದಿಸಿದ್ದು, ಅದರ ಸುತ್ತ ನಡೆದ ಜಗಳ ಈ ಹುಡುಗಿಗೆ ಗೊತ್ತಿರಲಿಲ್ಲ. ಆದರೂ ಆ ಚರ್ಚೆಗೆ ಬೇಕಾದ ಒಂದು ಆಟಿಕೆಯನ್ನು ಮಾಡಿಟ್ಟಿದ್ದಾಳೆ. ಪರ ಇರುವವರು, ವಿರೋಧ ಇರುವವರು ಇಬ್ಬರೂ ಅದನ್ನು ಸರಿಸಿ ನೋಡಬಹುದು.

ಒಂದು ಆಕ್ಷೇಪ ಇದೆ. ಪದಗಳೆಲ್ಲ ಬಿಡಿಬಿಡಿ. ನಾವು ಓದುವುದು ವಾಕ್ಯವನ್ನು. 'ಮಡಿವಾಳರ ಕತ್ತೆ ಹೊಳೆಯ ಕಡೆ ಹೋಯಿತು' ಎಂದಿದ್ದರೆ ಒತ್ತು ಮುಚ್ಚಿದರೂ ಯಾರೂ 'ಕತೆ' ಎಂದು ಓದುವುದಿಲ್ಲ. ಕಣ್ಣಿಗೆ ಕಾಣದ್ದನ್ನು ಭಾಷೆ ತುಂಬಿಕೊಡುತ್ತದೆ. ಇದನ್ನು ಕಾರ್ಡುಗಳಲ್ಲಿ ಅವಳು ಮುಟ್ಟಿಲ್ಲ. ಆದರೆ ನಾಲ್ಕನೆಯ ಕೆಲಸದಲ್ಲಿ ತನಗೇ ಅರಿವಿಲ್ಲದಂತೆ ಮುಟ್ಟಿದ್ದಾಳೆ.

ಸಯನೋಟೈಪ್ ಎಂದರೆ ಬಿಸಿಲಿನಲ್ಲಿ ತೆಗೆಯುವ ಅಚ್ಚು. ಕಬ್ಬಿಣದ ಎರಡು ಲವಣಗಳನ್ನು ನೀರಿನಲ್ಲಿ ಕಲಸಿ ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸಬೇಕು. ಮೇಲೆ ಏನಾದರೂ ಇಟ್ಟು ಬಿಸಿಲಿಗೆ ಹಿಡಿದು ನೀರಿನಲ್ಲಿ ತೊಳೆದರೆ, ಬೆಳಕು ಬಿದ್ದಲ್ಲಿ ಗಾಢ ನೀಲಿ, ಬೀಳದಲ್ಲಿ ಬಿಳಿ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದದ್ದು. ಇವಳು ಅಜ್ಜಿಗೆ ಊರಿನಿಂದ ಬಂದಿದ್ದ ಇನ್‌ಲ್ಯಾಂಡ್ ಪತ್ರಗಳ ಎರಡೂ ಬದಿಯನ್ನು ಪಾರದರ್ಶಕ ಹಾಳೆಯ ಮೇಲೆ ಪ್ರಿಂಟ್ ಹಾಕಿಸಿ, ಒಂದರ ಮೇಲೊಂದು ಇಟ್ಟು, ತಾರಸಿಯ ಬಿಸಿಲಿನಲ್ಲಿ ಅಚ್ಚು ತೆಗೆದಿದ್ದಾಳೆ. ತೆಳು ಕಾಗದವನ್ನು ಬೆಳಕಿಗೆ ಹಿಡಿದರೆ ಹಿಂದಿನ ಬರಹ ಮುಂದೆ ಮೂಡುವುದಿಲ್ಲವೇ, ಹಾಗೆ. ಎರಡು ಬದಿಯ ಸಾಲುಗಳು ಹೆಣೆದುಕೊಂಡು ಬಹುಪಾಲು ಓದಲಾಗುವುದಿಲ್ಲ.

ಆದರೆ ಎಡಮೇಲೆ ಅರ್ಧ ಅಳಿದ ನಾಲ್ಕು ಗುಂಡುಗಳು ಕಂಡ ಕೂಡಲೇ 'ಉಭಯ ಕುಶಲೋಪರಿ' ಎಂದು ನನ್ನ ಬಾಯಿಗೆ ಬಂತು. ಕೆಳಗೆ ಗೋಜಲಿನ ನಡುವೆ 'ಆಶೀರ್ವಾದಗಳು'. ನಡುವೆ ಎಲ್ಲೋ 'ಮಳಿ' ಎಂಬ ಎರಡಕ್ಷರ. ಮಳೆ ಆಯಿತೆಂದೋ, ಆಗಲಿಲ್ಲವೆಂದೋ ಹೇಳಲು ಬರುವುದಿಲ್ಲ. ನನ್ನ ಪಕ್ಕ ನಿಂತಿದ್ದ ಮರಾಠಿ ಗೆಳೆಯರಿಗೆ ಅದು ಸುಂದರವಾದ ನೀಲಿ ಹಾಳೆ. ನನಗೆ ಅದು ಪತ್ರ, ಅದೂ ಪೂರ್ತಿ ಓದಲು ಕೊಡದ ಪತ್ರ. ಇಬ್ಬರೂ ನೋಡುತ್ತ ನಿಂತೆವು, ಇಬ್ಬರಿಗೂ ಏನೋ ಸಿಕ್ಕಿತು. ಪೋಸ್ಟರಿನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಓದಬಲ್ಲವನಿಗೆ ಹೆಚ್ಚಿಗೆ ಏನೂ ಸಿಗುವುದಿಲ್ಲ, ಮುರಿದ ಒತ್ತು ಕಣ್ಣಿಗೆ ಚುಚ್ಚುವುದೊಂದೇ ಲಾಭ.

ಈ ನೀಲಿ ಅಚ್ಚಿನ ಬಗ್ಗೆ ಅವಳು ಬರೆದಿದ್ದ ಟಿಪ್ಪಣಿಯಲ್ಲಿ ಆನಾ ಅಟ್ಕಿನ್ಸ್ ಹೆಸರಿತ್ತು. ಇಂಗ್ಲೆಂಡಿನ ಈ ಮಹಿಳೆ 1843ರಲ್ಲಿ ಪಾಚಿ ಗಿಡಗಳ ಸಯನೋಟೈಪ್ ಪುಸ್ತಕ ತರಲು ಶುರುಮಾಡಿದಳು. ಚಿತ್ರಗಳಷ್ಟೇ ಅಲ್ಲದೆ ಬರಹವನ್ನೂ ಕೈಯಲ್ಲಿ ಬರೆದು ಅದೇ ನೀಲಿಯಲ್ಲಿ ಅಚ್ಚು ಹಾಕಿದಳು. ನಾನು ಇದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ಅದೇ 1843ರಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ. ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಮೊಳೆ ಜೋಡಿಸುವ ಕೆಲಸವಿಲ್ಲ. ಬರೆದ ಅಕ್ಷರವೇ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತದೆ. ಕೈಬರಹವನ್ನು ಹಲವು ಓದುಗರಿಗೆ ತಲುಪಿಸಬೇಕು ಎಂಬ ಗರಜು ಎರಡೂ ಕಡೆ ತಂತ್ರವನ್ನು ಆರಿಸಿತು. ಇವಳ ನೀಲಿ ಪತ್ರಗಳು ಆ ಸಾಲಿಗೆ ಸೇರುತ್ತವೆ. ತಂತ್ರ ಕಲಿತೆ, ಏನಾದರೂ ಮಾಡೋಣ ಎಂದು ಹುಟ್ಟಿದ ಕೆಲಸದಂತೆ ಅವು ಕಾಣುವುದಿಲ್ಲ.

ಇದೆಲ್ಲ ಹೇಳಿದ ಮೇಲೆ ಒಂದು ತಪ್ಪು ಅರ್ಥ ಬರಬಾರದು. ಕನ್ನಡ ಅಕ್ಷರವನ್ನು ಕನ್ನಡಿಗರೇ ಮುಟ್ಟಬೇಕು ಎಂದು ನಾನು ಹೇಳುತ್ತಿಲ್ಲ. ನಮ್ಮ ಪೋಸ್ಟರುಗಳಲ್ಲಿ, ಬ್ಯಾನರುಗಳಲ್ಲಿ ಧಾರಾಳವಾಗಿ ಬಳಕೆಯಾಗುವ 'ಬಲೂ ತಮ್ಮ' ಫಾಂಟು ಮುಂಬೈಯ ಏಕ್ ಟೈಪ್ ಬಳಗದ ಕೆಲಸ. ವಿಂಡೋಸ್ ಕಂಪ್ಯೂಟರುಗಳಿಗೆ 'ಮಂಗಲ್' ಮೊದಲಾದ ಭಾರತೀಯ ಲಿಪಿಗಳ ಫಾಂಟುಗಳನ್ನು ರೂಪಿಸಿದ ಆರ್. ಕೆ. ಜೋಶಿ ಮರಾಠಿ ಕವಿ. ಅಕ್ಷರ ಬರೆಯುವವರ ತಾಯ್ನುಡಿ ಯಾವುದಾದರೂ ಇರಲಿ, ಬರೆದದ್ದನ್ನು ಓದಿ ನೋಡುವವರು ಇರಬೇಕು. ಮುರಿದ ಒತ್ತನ್ನೇ ಬೇಕೆಂದು ಇಟ್ಟರೂ ಸರಿ. ಅಮ್ಮ ಎಂಬ ಪದ ಒಡೆದುಹೋದದ್ದೇ ಹೇಳಬೇಕಾದ ಮಾತಾಗಿದ್ದರೆ ಅದಕ್ಕಿಂತ ಬಲವಾದ ಪೋಸ್ಟರ್ ಇಲ್ಲ. ಆದರೆ ಅದು ಒಡೆದಿದೆ ಎಂದು ಬಲ್ಲ ನೋಡುಗನಿಗಾಗಿ ಅದನ್ನು ಇಟ್ಟಿರಬೇಕು.

ಅವಳಿಗೆ ಹೇಳಬೇಕಾದದ್ದನ್ನು ಅಲ್ಲಿಯೇ ಹೇಳಿದ್ದೇನೆ. ಕಾರ್ಡುಗಳನ್ನು ವಾಕ್ಯಗಳಿಗೆ ಬೆಳೆಸಲಿ. ಕಸೂತಿಯಲ್ಲಿ ಐವತ್ತಕ್ಕೆ ಹತ್ತಿರದ ಇಡೀ ವರ್ಣಮಾಲೆಯನ್ನು ಮುಗಿಸಲಿ, ಅಜ್ಜಿ ಇರುವಾಗಲೇ. ಪೋಸ್ಟರುಗಳು ಮಾರಾಟವಾದರೆ ಆಗಲಿ, ಸ್ಕ್ರೀನ್, ಶಾಯಿಯ ಖರ್ಚಾದರೂ ಹುಟ್ಟುತ್ತದೆ.

ಇನ್ನೊಂದು ಮಾತು ನಮ್ಮ ಸಂಘಗಳಿಗೆ. ಪುಣೆ, ಮುಂಬೈ, ಹೈದರಾಬಾದುಗಳಲ್ಲಿ ವಿನ್ಯಾಸ ಓದುತ್ತಿರುವ ಕನ್ನಡದ ಮಕ್ಕಳು ಇದ್ದಾರೆ. ನವೆಂಬರ್ ಬಂದಾಗ ಬ್ಯಾನರ್ ಬರೆಸಲು ಮಾತ್ರ ಅವರನ್ನು ಕರೆಯುತ್ತೇವೆ. ಅದರ ಬದಲು ಅವರ ಕಾಲೇಜುಗಳ ವರ್ಷಾಂತ್ಯದ ಪ್ರದರ್ಶನಕ್ಕೆ ನಾಲ್ಕು ಜನ ಹೋಗಿ ಗೋಡೆಯ ಮುಂದೆ ನಿಂತು ಗಟ್ಟಿಯಾಗಿ ಓದಿದರೆ ಸಾಕು. ತಪ್ಪಿದ್ದಲ್ಲಿ ತಪ್ಪು ಎನ್ನಬೇಕು, ಚೆಂದ ಇದ್ದಲ್ಲಿ ಚೆಂದ ಎನ್ನಬೇಕು. ಈ ಪ್ರದರ್ಶನ ಮುಗಿದಿದೆ. ಆದರೆ ಪಟ್ಟಿ ಸರಿಸುವ ಕಾರ್ಡುಗಳ ಒಂದು ಕಟ್ಟನ್ನು ನಮ್ಮ ವಾಚನಾಲಯಕ್ಕೆ ಕೊಡಲು ಅವಳು ಒಪ್ಪಿದ್ದಾಳೆ. ಮಕ್ಕಳನ್ನು ಕರೆದುಕೊಂಡು ಬನ್ನಿ. ಕತ್ತೆ ಕತೆಯಾಗುವುದನ್ನು ನೋಡಿದ ಮಗು ಒತ್ತು ಎಂದರೇನು ಎಂದು ತಾನೇ ಕೇಳುತ್ತದೆ.